ಸ್ಕೂಬಾ ಸಿಲಿಂಡರಿಗೆ ಎಷ್ಟು ಒತ್ತಡದವರೆಗೆ ಗಾಳಿ ತುಂಬಬಹುದು?

ಮಂಜೇಶ್ವರದಿಂದ ನೀಲೇಶ್ವರದವರೆಗಿನ ಕರಾವಳಿಯಲ್ಲಿ ಸ್ಕೂಬಾ ಸಿಲಿಂಡರಿಗೆ ಹೆಚ್ಚಾಗಿ ಕೆಲಸ ಬೀಳುವುದು ಬೋಟಿನ ಪ್ರೊಪೆಲ್ಲರಿಗೆ ಸುತ್ತಿಕೊಂಡ ಬಲೆ ಬಿಡಿಸಲು, ಬಂದರಿನ ಕಂಬ, ಗೋಡೆಗಳನ್ನು ನೀರೊಳಗೆ ಇಳಿದು ನೋಡಲು, ಚಂದ್ರಗಿರಿ ಹೊಳೆಯಲ್ಲೋ ಕೆಂಪುಕಲ್ಲಿನ ಕೋರೆಯ ಹೊಂಡದಲ್ಲೋ ಮುಳುಗಿದವರನ್ನು ಹುಡುಕಲು. ಹವ್ಯಾಸಕ್ಕೆ ಮುಳುಗುವವರು ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಇಳಿಯುತ್ತಾರೆ. ಕೈಯಿಂದ ಕೈಗೆ ದಾಟಿ ಬಂದ ಸಿಲಿಂಡರುಗಳಾದ್ದರಿಂದ ಒಂದು ಅಮೆರಿಕದ ಲೆಕ್ಕದ್ದು, ಇನ್ನೊಂದು ಯುರೋಪಿನದ್ದು, ಮತ್ತೊಂದು ಗಲ್ಫಿನಿಂದ ಬಂದದ್ದು ಇರಬಹುದು. "ಎಲ್ಲದಕ್ಕೂ 200 ಬಾರ್ ಹಾಕಿಬಿಡಿ" ಎನ್ನುವ ರೂಢಿ ಇಲ್ಲಿ ನಡೆಯುವುದಿಲ್ಲ (ಬಾರ್ ಎಂದರೆ ಒತ್ತಡದ ಅಳತೆ, 1 ಬಾರ್ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಸಿಲಿಂಡರ್, ವಾಲ್ವ್, ಅದರ ಸೇಫ್ಟಿ ಡಿಸ್ಕ್, ತುಂಬುವ ಹೋಸ್ ಈ ನಾಲ್ಕರಲ್ಲಿ ಯಾವುದರ ತಾಕತ್ತು ಎಲ್ಲಕ್ಕಿಂತ ಕಡಿಮೆಯೋ ಅದರ ಮಿತಿಯೇ ನಿಮ್ಮ ಮಿತಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಲ್ಲ ಕಡೆ ಬಳಕೆಯಲ್ಲಿರುವ ಅಲ್ಯೂಮಿನಿಯಂ 80 ಸಿಲಿಂಡರಿನ ಒಳಗಾತ್ರ 11.1 ಲೀಟರ್. 207 ಬಾರಿಗೆ ತುಂಬಿದಾಗ ಅದರೊಳಗೆ ಸುಮಾರು 2190 ಲೀಟರ್ ಗಾಳಿ ಇರುತ್ತದೆ. ಅದು ಒಮ್ಮೆಲೇ ಒಡೆದರೆ ಹೊರಬೀಳುವ ಶಕ್ತಿ ಒಂದು ಟನ್ ತೂಕದ ಕಾರನ್ನು ನಲವತ್ತು ಮೀಟರಿಗಿಂತ ಮೇಲೆ ಎಸೆಯಲು ಸಾಕು. ಕತ್ತಿನಲ್ಲಿ ಕೂತ ವಾಲ್ವನ್ನು ಒಳಗಿನಿಂದ ತಳ್ಳುವ ಬಲವೇ ಸುಮಾರು ಒಂದು ಟನ್.

ಹೆಗಲ ಮೇಲಿನ ಅಚ್ಚು ಓದುವುದು

ಒದ್ದೆ ಬಟ್ಟೆಯಲ್ಲಿ ಸಿಲಿಂಡರಿನ ಹೆಗಲನ್ನು, ಅಂದರೆ ಕತ್ತಿನ ಕೆಳಗಿನ ಇಳಿಜಾರನ್ನು ಒರೆಸಿ, ಟಾರ್ಚನ್ನು ಅಡ್ಡಲಾಗಿ ಹಿಡಿದು ಓದಿ. ಪೇಂಟ್ ದಪ್ಪವಾಗಿ ಅಕ್ಷರ ಮಸುಕಾಗಿದ್ದರೆ ಕೆರೆಯಲು ಹೋಗಬೇಡಿ. ಬಿಳಿ ಕಾಗದ ಇಟ್ಟು ಮೇಲಿಂದ ಪೆನ್ಸಿಲ್ ಉಜ್ಜಿದರೆ ಅಚ್ಚು ಎದ್ದು ಕಾಣುತ್ತದೆ.

ಅಮೆರಿಕದ ಲೆಕ್ಕದ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ "ಟಿಸಿ-3ಎಎಲ್‌ಎಂ207 ಡಿಒಟಿ-3ಎಎಲ್3000" ಎಂಬ ಸಾಲಿರುತ್ತದೆ. ಮೊದಲನೆಯದು ಕೆನಡಾದ ಗುರುತು, 207 ಬಾರ್. ಎರಡನೆಯದು ಅಮೆರಿಕದ್ದು, ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ 3000 ಪಿಎಸ್‌ಐ. ಎರಡೂ ಒಂದೇ ಒತ್ತಡ. 3ಎಎಲ್ ಇದ್ದರೆ ಅಲ್ಯೂಮಿನಿಯಂ, 3ಎಎ ಇದ್ದರೆ ಉಕ್ಕು. ಪಕ್ಕದಲ್ಲೇ ತಿಂಗಳು ಮತ್ತು ವರ್ಷ, ಮಧ್ಯದಲ್ಲಿ ಪರೀಕ್ಷಿಸಿದವರ ಗುರುತು: 05, ಗುರುತು, 12 ಎಂದಿದ್ದರೆ 2012ರ ಮೇ. ಆಮೇಲೆ ಮಾಡಿದ ಪ್ರತಿ ಹೈಡ್ರೋ ಟೆಸ್ಟಿಗೂ (ನೀರು ತುಂಬಿ, ಹೆಚ್ಚಿನ ಒತ್ತಡ ಕೊಟ್ಟು ಮಾಡುವ ಪರೀಕ್ಷೆ) ಇದೇ ರೀತಿ ಹೊಸ ತಾರೀಕು ಒತ್ತಿರಬೇಕು. ಟೆಸ್ಟಿನ ಒತ್ತಡ ಅಲ್ಲಿ ಬರೆದಿರುವುದಿಲ್ಲ. 3ಎಎಲ್‌ಗೆ ಅದು ಕೆಲಸದ ಒತ್ತಡದ 5/3 ಪಾಲು, 3000ಕ್ಕೆ 5000 ಪಿಎಸ್‌ಐ.

ಯುರೋಪಿನ ಸಿಲಿಂಡರಿನಲ್ಲಿ ಎರಡೂ ಬರೆದಿರುತ್ತವೆ, ಎಡವಟ್ಟು ಆಗುವುದೂ ಅಲ್ಲೇ. ಪಿಡಬ್ಲ್ಯೂ ಎಂದಿರುವುದು ಕೆಲಸದ ಒತ್ತಡ, ಪಿಟಿ ಎಂದಿರುವುದು ಟೆಸ್ಟಿನ ಒತ್ತಡ, ಅದರ ಒಂದೂವರೆ ಪಟ್ಟು. 200 ಬಾರಿನ ಸಿಲಿಂಡರಿನ ಮೇಲೆ ಪಿಟಿ 300 ಎಂದೂ, 232 ಬಾರಿನದರ ಮೇಲೆ ಪಿಟಿ 348 ಎಂದೂ ಇರುತ್ತದೆ. ಅವಸರದಲ್ಲಿ 300 ಎಂಬ ಅಂಕಿಯಷ್ಟನ್ನೇ ಕಂಡು, ಇದು 300 ಬಾರಿನ ಸಿಲಿಂಡರ್ ಎಂದು ತುಂಬಿದರೆ ಪ್ರತಿ ಸಲವೂ ಅದನ್ನು ಟೆಸ್ಟಿನ ಒತ್ತಡಕ್ಕೇ ಏರಿಸಿದಂತೆ. ನಿಜವಾದ 300 ಬಾರಿನ ಸಿಲಿಂಡರಿನಲ್ಲಿ ಪಿಟಿ 450 ಇರುತ್ತದೆ. ಎರಡು ಅಂಕಿ ಕಂಡರೆ ಚಿಕ್ಕದನ್ನೇ ಹಿಡಿಯಿರಿ.

ನಮ್ಮ ದೇಶದ ಉಕ್ಕಿನ ಸಿಲಿಂಡರಿನಲ್ಲಿ ಐಎಸ್ 7285 ಎಂಬ ಗುರುತಿನ ಜೊತೆ ಡಬ್ಲ್ಯೂಪಿ, ಟಿಪಿ ಎಂದಿರುತ್ತದೆ, ಅಂಕಿ ಕೆಜಿ ಪ್ರತಿ ಚದರ ಸೆಂಟಿಮೀಟರ್ ಲೆಕ್ಕದಲ್ಲೂ ಇರಬಹುದು. ಅದು ಬಾರಿಗೆ ಹತ್ತಿರ ಹತ್ತಿರ ಸಮ: 1 ಕೆಜಿ ಎಂದರೆ 0.98 ಬಾರ್. 1 ಬಾರ್ ಎಂದರೆ 14.5 ಪಿಎಸ್‌ಐ. ಮೆಗಾಪಾಸ್ಕಲ್ ಇದ್ದರೆ 10ರಿಂದ ಗುಣಿಸಿ, ಬಾರ್ ಸಿಗುತ್ತದೆ. ಈ ಮೂರು ಲೆಕ್ಕವನ್ನು ಕಂಪ್ರೆಸರಿನ ಪಕ್ಕದ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸುವುದು ಒಳ್ಳೆಯದು.

ಅಮೆರಿಕದ ಕೆಲವು ಉಕ್ಕಿನ ಸಿಲಿಂಡರುಗಳಲ್ಲಿ ಟೆಸ್ಟ್ ತಾರೀಕಿನ ಪಕ್ಕ ಕೂಡಿಸುವ ಚಿಹ್ನೆ ಇರುತ್ತದೆ. ಅಂಥದ್ದಕ್ಕೆ ಶೇಕಡ 10 ಹೆಚ್ಚು ತುಂಬಲು ಅವಕಾಶವಿದೆ: 2400 ಪಿಎಸ್‌ಐ ಇದ್ದರೆ 2640, ಅಂದರೆ 182 ಬಾರ್. ಕಡೆಯ ಟೆಸ್ಟಿನ ತಾರೀಕಿನ ಪಕ್ಕದಲ್ಲೇ ಆ ಚಿಹ್ನೆ ಇಲ್ಲದಿದ್ದರೆ ಆ ಶೇಕಡ 10 ಇಲ್ಲ. ಅಲ್ಯೂಮಿನಿಯಂಗೆ ಈ ಸವಲತ್ತು ಯಾವತ್ತೂ ಇಲ್ಲ. ಇಂಥ ಕಡಿಮೆ ಒತ್ತಡದ ಉಕ್ಕಿನ ಸಿಲಿಂಡರುಗಳನ್ನು ಅಮೆರಿಕದ ಫ್ಲೋರಿಡಾದ ಗುಹೆ ಮುಳುಗುಗಾರರು 3000 ಪಿಎಸ್‌ಐ ದಾಟಿಸಿ ತುಂಬುತ್ತಾರೆಂದು ಕೇಳಿ ಇಲ್ಲೂ ಹಾಗೆ ಮಾಡುವ ಆಸೆ ಬೇಡ. ಸಿಲಿಂಡರಿನ ಆಯುಷ್ಯ ನಿಂತಿರುವುದು ಎಷ್ಟು ಸಲ, ಎಷ್ಟರ ಮಟ್ಟಿಗೆ ಹಿಗ್ಗಿ ಕುಗ್ಗಿತು ಎಂಬುದರ ಮೇಲೆ. ಪ್ರತಿ ಹೆಚ್ಚುವರಿ ತುಂಬುವಿಕೆ ಆ ಆಯುಷ್ಯದಲ್ಲಿ ಒಂದಿಷ್ಟು ತಿನ್ನುತ್ತದೆ.

ಹಳೆಯ ಅಲ್ಯೂಮಿನಿಯಂ ಬಗ್ಗೆ ಒಂದು ಖಡಕ್ ಮಾತು. 6351 ಎಂಬ ಮಿಶ್ರಲೋಹದಿಂದ ಮಾಡಿದ ಸಿಲಿಂಡರುಗಳ ಕತ್ತಿನ ಥ್ರೆಡ್ಡಿನ ಹತ್ತಿರ, ತುಂಬಿಟ್ಟ ಒತ್ತಡದಿಂದಲೇ ನಿಧಾನವಾಗಿ ಬಿರುಕು ಬೆಳೆಯುವುದುಂಟು. ಕೆಲವು ತುಂಬುವಾಗಲೇ ಸಿಡಿದಿವೆ. ಅಮೆರಿಕದಲ್ಲಿ ಲಕ್ಸ್‌ಫರ್ ಕಂಪನಿ 1988ರಲ್ಲಿ ಅದನ್ನು ಬಿಟ್ಟು 6061ಕ್ಕೆ ಬಂತು, ಬೇರೆ ದೇಶಗಳ ಕಾರ್ಖಾನೆಗಳು ಇನ್ನೂ ಕೆಲವು ವರ್ಷ ಮುಂದುವರಿಸಿದವು. ಕತ್ತನ್ನು ಎಡಿ ಕರೆಂಟ್ ಉಪಕರಣದಿಂದ (ವಿದ್ಯುತ್ತಿನ ಮೂಲಕ ಬಿರುಕು ಪತ್ತೆ ಮಾಡುವಂಥದ್ದು) ಪರೀಕ್ಷಿಸುವ ವ್ಯವಸ್ಥೆ ಹತ್ತಿರದಲ್ಲಿಲ್ಲದಿದ್ದರೆ 1990ರ ಆಸುಪಾಸಿನ ಅಥವಾ ಅದಕ್ಕೂ ಹಳೆಯ, ಮಿಶ್ರಲೋಹ ಗೊತ್ತಿಲ್ಲದ ಅಲ್ಯೂಮಿನಿಯಂ ಸಿಲಿಂಡರನ್ನು ತುಂಬಲೇಬೇಡಿ.

ವಾಲ್ವ್ ಮತ್ತು ಕತ್ತು

ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಕೂರುವ ಕಡೆ ವಾಲ್ವ್ ಎರಡು ಬಗೆ. ಯೋಕ್ ಬಗೆಯಲ್ಲಿ ರೆಗ್ಯುಲೇಟರಿನ ಕ್ಲ್ಯಾಂಪ್ ವಾಲ್ವನ್ನು ಸುತ್ತುವರಿದು ಹಿಡಿಯುತ್ತದೆ, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ ರಿಂಗ್, ವಾಲ್ವಿನ ಮುಖದಲ್ಲಿರುತ್ತದೆ. ಅದರ ಮಿತಿ 232 ಬಾರ್. ಡಿನ್ ಬಗೆಯಲ್ಲಿ ರೆಗ್ಯುಲೇಟರ್ ವಾಲ್ವಿನ ಒಳಗೆ ತಿರುಗಿ ಕೂರುತ್ತದೆ. 232 ಬಾರಿನದರಲ್ಲಿ 5 ಸುತ್ತು ಥ್ರೆಡ್, 300 ಬಾರಿನದರಲ್ಲಿ 7 ಸುತ್ತು. 5 ಸುತ್ತಿನ ರೆಗ್ಯುಲೇಟರ್ 7 ಸುತ್ತಿನ ವಾಲ್ವಿನ ತಳ ಮುಟ್ಟುವುದಿಲ್ಲ, ಹಾಗಾಗಿ ಸೀಲ್ ಆಗುವುದಿಲ್ಲ. ಕಡಿಮೆ ಒತ್ತಡದ ರೆಗ್ಯುಲೇಟರ್ 300 ಬಾರಿಗೆ ಸಿಗದಿರಲಿ ಎಂದೇ ಹೀಗೆ ಮಾಡಿದ್ದಾರೆ, ಅಡಾಪ್ಟರ್ ಹಾಕಿ ಅದನ್ನು ದಾಟಬೇಡಿ. ಕೆಲವು 232 ಬಾರಿನ ಡಿನ್ ವಾಲ್ವುಗಳಲ್ಲಿ ಒಂದು ಬಿಲ್ಲೆ ತಿರುಗಿಸಿ ಕೂರಿಸಿದರೆ ಯೋಕ್ ರೆಗ್ಯುಲೇಟರೂ ಹಿಡಿಯುತ್ತದೆ. ನಮ್ಮ ಕಡೆಯ ಕೆಲಸಕ್ಕೆ ಇದೇ ಅನುಕೂಲ.

ನಿಜವಾದ ಅಪಾಯ ಇರುವುದು ಕೆಳಗೆ, ವಾಲ್ವ್ ಸಿಲಿಂಡರಿಗೆ ಕೂರುವ ಥ್ರೆಡ್ಡಿನಲ್ಲಿ. ಅಮೆರಿಕದ ಲೆಕ್ಕದ್ದು ಮುಕ್ಕಾಲು ಇಂಚಿನ, ಇಂಚಿಗೆ 14 ಸುತ್ತಿನ ಎನ್‌ಪಿಎಸ್‌ಎಂ ಥ್ರೆಡ್. ಯುರೋಪಿನದ್ದು ಎಂ25×2. ಕಣ್ಣಿಗೆ ಎರಡೂ ಒಂದೇ. ಅಳೆದರೆ ಎಂ25 ವಾಲ್ವಿನ ಥ್ರೆಡ್ಡಿನ ಹೊರ ಅಡ್ಡಳತೆ 25 ಮಿ.ಮೀ.ಗೆ ಕೂದಲೆಳೆ ಕಡಿಮೆ, ಮುಕ್ಕಾಲು ಇಂಚಿನದ್ದು 26ಕ್ಕೆ ಕೂದಲೆಳೆ ಹೆಚ್ಚು. ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಂತರ ಎಂ25ರಲ್ಲಿ 2 ಮಿ.ಮೀ., ಇನ್ನೊಂದರಲ್ಲಿ 1.81 ಮಿ.ಮೀ. ಚಿಕ್ಕದಾದ ಎಂ25 ವಾಲ್ವ್ ಮುಕ್ಕಾಲು ಇಂಚಿನ ಕತ್ತಿಗೆ ಇಳಿಯುತ್ತದೆ, ಕೆಲವು ಸುತ್ತಿನ ನಂತರ ಬಿಗಿಯಾಗಿ ಕೂತ ಹಾಗೆ ಕೈಗೆ ಅನಿಸುತ್ತದೆ, ಓ ರಿಂಗ್ ಸೀಲೂ ಆಗಬಹುದು. ಥ್ರೆಡ್ಡಿನ ತುದಿಗಳಷ್ಟೇ ಒಂದಕ್ಕೊಂದು ತಾಗಿರುತ್ತವೆ. ತುಂಬುವಾಗ ಯಾವುದೋ ಒಂದು ಒತ್ತಡದಲ್ಲಿ ವಾಲ್ವ್ ಗುಂಡಿನಂತೆ ಹಾರಿಹೋಗುತ್ತದೆ. ಇಂಥ ಅಪಘಾತದಲ್ಲಿ ಬೇರೆ ದೇಶಗಳಲ್ಲಿ ತುಂಬುವವರು ಸತ್ತದ್ದಿದೆ.

ಆದ್ದರಿಂದ ಬೇರೆ ಸಿಲಿಂಡರಿನಿಂದ ತೆಗೆದ ವಾಲ್ವ್, ಗುಜರಿಯಿಂದ ತಂದ ವಾಲ್ವ್, "ಫಿಟ್ ಆಗ್ತದೆ" ಎಂದು ಯಾರೋ ಕೊಟ್ಟ ವಾಲ್ವ್ ಯಾವುದನ್ನೇ ಆಗಲಿ ಅಳೆಯದೆ ಕೂರಿಸಬೇಡಿ. ವಾಲ್ವಿನ ಮೈಯಲ್ಲಿ ಎಂ25×2 ಅಥವಾ ಮುಕ್ಕಾಲು ಇಂಚಿನ ಗುರುತು ಇದೆಯೇ, ಸಿಲಿಂಡರಿನ ಹೆಗಲಲ್ಲೂ ಅದೇ ಇದೆಯೇ ನೋಡಿ. ವರ್ನಿಯರ್ ಕ್ಯಾಲಿಪರ್ ಮತ್ತು ಪಿಚ್ ಗೇಜ್ ಎರಡನ್ನೂ ಬಳಸಿ, ಒಂದೇ ಸಾಲದು. ಸರಿಯಾದ ವಾಲ್ವ್ ಸ್ವಚ್ಛ ಕತ್ತಿನಲ್ಲಿ ಕೈಯಿಂದಲೇ ಕೊನೆಯವರೆಗೆ, ಅಲುಗಾಡದೆ ಇಳಿಯಬೇಕು. ಅರ್ಧದಲ್ಲಿ ಕಚ್ಚಿಕೊಂಡರೆ, ಅಥವಾ ಅಲುಗಿಸಿದಾಗ ಕಟಕಟ ಎಂದರೆ ತೆಗೆದಿಡಿ. ಅಗ್ನಿಶಾಮಕದ ಉಸಿರಾಟದ ಉಪಕರಣಗಳಲ್ಲಿ, ಪುಟ್ಟ ಸಿಲಿಂಡರುಗಳಲ್ಲಿ ಎಂ18×1.5 ಎಂಬ ಇನ್ನೂ ಸಣ್ಣ ಥ್ರೆಡ್ ಇರುತ್ತದೆ, ಅದರ ಗೊಂದಲ ಅಷ್ಟಿಲ್ಲ.

ವಾಲ್ವಿನ ಬದಿಯ ಸಣ್ಣ ಬಿರಡೆಯೊಳಗೆ ಸೇಫ್ಟಿ ಡಿಸ್ಕ್ ಇರುತ್ತದೆ, ತೆಳ್ಳಗಿನ ತಾಮ್ರದ ಬಿಲ್ಲೆ. ಅಮೆರಿಕದ ಲೆಕ್ಕದ ವಾಲ್ವುಗಳಲ್ಲಿ ಇದು ಕಡ್ಡಾಯ. ಸಿಲಿಂಡರಿನ ಟೆಸ್ಟ್ ಒತ್ತಡದ ಶೇಕಡ 90ರಿಂದ 100ರ ನಡುವೆ ಹರಿಯುವಂತೆ ಇದನ್ನು ಮಾಡಿರುತ್ತಾರೆ: 3000 ಪಿಎಸ್‌ಐ ಸಿಲಿಂಡರಿಗೆ 5000ದ ಡಿಸ್ಕ್, ಹರಿಯುವುದು 4500ರಿಂದ 5000ದೊಳಗೆ. 3000ದ ಸಿಲಿಂಡರಿಗೆ ಹೆಚ್ಚಿನ ಒತ್ತಡದ ಸಿಲಿಂಡರಿನ ವಾಲ್ವ್ ಹಾಕಿದರೆ ಥ್ರೆಡ್ ಸರಿ ಇದ್ದರೂ ಡಿಸ್ಕ್ ತಪ್ಪಾಗುತ್ತದೆ. ಡಿಸ್ಕ್ ಆಗಾಗ ಹರಿಯುತ್ತದೆಂದು ಎರಡು ಡಿಸ್ಕ್ ಒಂದರ ಮೇಲೊಂದು ಇಡುವುದು, ನಾಣ್ಯ ಅಥವಾ ತಗಡಿನ ತುಂಡು ತುರುಕುವುದು ಸಾವಿನ ಆಟ. ಪ್ರತಿ ಹೈಡ್ರೋ ಟೆಸ್ಟಿಗೆ ಡಿಸ್ಕನ್ನೂ ಅದರ ಗ್ಯಾಸ್ಕೆಟನ್ನೂ ಬಿರಡೆಯನ್ನೂ ಸೆಟ್ಟಾಗಿ ಹೊಸದು ಹಾಕಿ. ಉಪ್ಪು ಗಾಳಿ, ಬಿಸಿಲಿನ ಏರಿಳಿತ ಸೇರಿ ತಾಮ್ರ ಬೇಗ ದಣಿಯುತ್ತದೆ. ಯುರೋಪಿನ ವಾಲ್ವುಗಳಲ್ಲಿ ಸಾಮಾನ್ಯವಾಗಿ ಡಿಸ್ಕ್ ಇರುವುದೇ ಇಲ್ಲ. ಅಲ್ಲಿ ನಿಮ್ಮನ್ನು ಕಾಯುವುದು ಕಂಪ್ರೆಸರಿನ ಸೇಫ್ಟಿ ವಾಲ್ವ್ ಮತ್ತು ನಿಮ್ಮ ಕಣ್ಣು ಮಾತ್ರ. 300 ಬಾರಿಗೆ ಹೊಂದಿಸಿದ ಕಂಪ್ರೆಸರಿನಿಂದ 200 ಬಾರಿನ ಸಿಲಿಂಡರ್ ತುಂಬುವಾಗ ಆ ಸೇಫ್ಟಿ ವಾಲ್ವೂ ಲೆಕ್ಕಕ್ಕಿಲ್ಲ. ಅಗ್ನಿಶಾಮಕದ ಉಪಕರಣ ತುಂಬುವ ಕಂಪ್ರೆಸರುಗಳು ಬಹುಪಾಲು ಈ 300ರ ವರ್ಗದವು.

ಸೆಕೆಯ ಲೆಕ್ಕ

ಸಿಲಿಂಡರಿನ ಮೇಲಿನ ಅಂಕಿ ಒಂದು ನಿಗದಿತ ಉಷ್ಣತೆಯದ್ದು: ಅಮೆರಿಕದಲ್ಲಿ 21 ಡಿಗ್ರಿ, ಯುರೋಪಿನಲ್ಲೂ ನಮ್ಮ ಗ್ಯಾಸ್ ಸಿಲಿಂಡರ್ ನಿಯಮಗಳಲ್ಲೂ 15 ಡಿಗ್ರಿ. ಕಾಸರಗೋಡಿನಲ್ಲಿ ನೆರಳಲ್ಲೇ 30ರಿಂದ 34. ಗಾಳಿಯ ಉಷ್ಣತೆ 1 ಡಿಗ್ರಿ ಏರಿದರೆ 200 ಬಾರಿನ ಸಿಲಿಂಡರಿನಲ್ಲಿ ಒತ್ತಡ ಸುಮಾರು ಮೂರನೇ ಎರಡು ಪಾಲು ಬಾರಿನಷ್ಟು ಏರುತ್ತದೆ. 30 ಡಿಗ್ರಿಯಲ್ಲಿ 200 ತೋರಿಸಿದ ಸಿಲಿಂಡರ್ ಬೋಟಿನ ಡೆಕ್ಕಿನ ಬಿಸಿಲಲ್ಲಿ 50 ಡಿಗ್ರಿಗೆ ಕಾದರೆ ಸುಮಾರು 213 ಆಗುತ್ತದೆ. ಮುಚ್ಚಿದ ಕಾರಿನಲ್ಲಿ 60ಕ್ಕೆ ಹೋದರೆ 220. ಸರಿಯಾಗಿ ತುಂಬಿದ ಸಿಲಿಂಡರಿಗೆ ಇದರಿಂದ ತಕ್ಷಣದ ತೊಂದರೆ ಇಲ್ಲ. 240ಕ್ಕೆ ತುಂಬಿದ್ದು 264 ಆದಾಗ ಮಾತು ಬೇರೆ.

ತುಂಬುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಗಾಳಿ ಒತ್ತಿದಷ್ಟೂ ಬಿಸಿಯಾಗುತ್ತದೆ. ಅವಸರದಲ್ಲಿ ತುಂಬಿ ಒಳಗಿನ ಗಾಳಿ 55 ಡಿಗ್ರಿ ಇರುವಾಗ 207 ತೋರಿಸಿದರೆ, 30ಕ್ಕೆ ತಣಿದ ಮೇಲೆ ಸಿಗುವುದು ಸುಮಾರು 191. ಹೋದ 16 ಬಾರ್ ಎಂದರೆ 170 ಲೀಟರಿಗೂ ಹೆಚ್ಚು ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರ್ ಆಳದಲ್ಲಿ ಅದು ನಾಲ್ಕು ನಿಮಿಷಕ್ಕೂ ಮೇಲಿನ ಬಾಳು. ಈ ನಷ್ಟವನ್ನು ತುಂಬಿಕೊಳ್ಳಲು "ಬಿಸಿಯಲ್ಲಿ 230 ಹಾಕಿಬಿಡಿ, ತಣಿದಾಗ ಸರಿಯಾಗ್ತದೆ" ಎನ್ನುವವರಿದ್ದಾರೆ. ತಣಿಯುವುದು ನಿಜ. ಆದರೆ ಎಷ್ಟು ಬಿಸಿಯಾಗಿದೆ ಎಂದು ಅಳೆಯದೆ ಊಹಿಸಿ ತುಂಬುವುದು ಆ ಕ್ರಮ. ಹಾಗೆಯೇ, 21 ಡಿಗ್ರಿಯ 207 ಎಂದರೆ 30 ಡಿಗ್ರಿಯಲ್ಲಿ 213 ಎಂಬ ಲೆಕ್ಕ ತೆಗೆದು ಆ 6 ಬಾರನ್ನು ಬಳಸಿಕೊಳ್ಳುವುದೂ ಬೇಡ, ಗೇಜಿನ ತಪ್ಪೇ ಅಷ್ಟಿರಬಹುದು. ಅಚ್ಚೊತ್ತಿದ ಅಂಕಿಯನ್ನು ಬಿಸಿಯಲ್ಲೂ ದಾಟಬೇಡಿ. ನಿಧಾನ ತುಂಬಿ, ತಣಿಯಲು ಬಿಟ್ಟು, ಮತ್ತೆ ಸ್ವಲ್ಪ ಸೇರಿಸಿ.

ತುಂಬುವ ಕ್ರಮ

ಮೊದಲು ಬೇಡ ಎನ್ನಬೇಕಾದವನ್ನು ಬದಿಗಿಡಿ: ಹೈಡ್ರೋ ಟೆಸ್ಟ್ ಆಗಿ 5 ವರ್ಷ ದಾಟಿದ್ದು, ವರ್ಷದೊಳಗೆ ಒಳಗಿನ ತಪಾಸಣೆ ಆಗದ್ದು, ಬೆಂಕಿಗೆ ಅಥವಾ ಪೇಂಟ್ ಒಲೆಗೆ ಸಿಕ್ಕ ಅಲ್ಯೂಮಿನಿಯಂ, ಉಬ್ಬಿದ್ದು, ಗೀರು ಉಗುರಿಗೆ ಸಿಗುವಷ್ಟು ಆಳವಾಗಿರುವುದು. ತಳದ ಪ್ಲಾಸ್ಟಿಕ್ ಬೂಟನ್ನು ಕಡ್ಡಾಯವಾಗಿ ಕಳಚಿ ನೋಡಿ. ಉಪ್ಪುನೀರು ಅದರೊಳಗೆ ನಿಂತು ಲೋಹವನ್ನು ಹುಳುಕು ಹಿಡಿಸುವುದು ಹೊರಗಿನಿಂದ ಕಾಣುವುದೇ ಇಲ್ಲ.

ವಾಲ್ವ್ ತೆರೆದೇ ಪೂರ್ತಿ ಖಾಲಿಯಾಗಿ ಬಂದ ಸಿಲಿಂಡರಿಗೆ ನೀರು ಹೊಕ್ಕಿರುತ್ತದೆಂದೇ ತಿಳಿಯಿರಿ. ಕಿವಿ ಹತ್ತಿರ ಹಿಡಿದು ಓರೆ ಮಾಡಿ, ಕುಲುಕುವ ಸದ್ದು ಬಂದರೆ ಒಳಗೆ ನೀರಿದೆ. ಒಳಗೆ ಗಾಳಿ ಉಳಿದಿದ್ದರೆ ತಲೆಕೆಳಗೆ ಹಿಡಿದು ವಾಲ್ವನ್ನು ಎಳೆಯಷ್ಟು ತೆರೆಯಿರಿ: ನೀರಹನಿ, ಕೆಂಪು ಅಥವಾ ಬೂದು ಬಣ್ಣದ ಮಂಜು, ಹುಳಿ ವಾಸನೆ ಇವುಗಳಲ್ಲಿ ಯಾವುದು ಬಂದರೂ ತುಂಬುವ ಮಾತಿಲ್ಲ, ವಾಲ್ವ್ ಬಿಚ್ಚಿ ಒಳಗೆ ನೋಡಬೇಕು. ಉಪ್ಪುನೀರು ಸೇರಿದ ಉಕ್ಕಿನ ಸಿಲಿಂಡರ್ ತಿಂಗಳುಗಟ್ಟಲೆ ನಿಂತರೆ ತುಕ್ಕು ಒಳಗಿನ ಆಮ್ಲಜನಕವನ್ನೇ ತಿಂದುಹಾಕುತ್ತದೆ. ಒತ್ತಡ ಸರಿಯಾಗಿ ತೋರಿಸಿದರೂ ಆ ಗಾಳಿ ಉಸಿರಿಗೆ ಸಲ್ಲದು.

ಸರಿಯಿದ್ದ ಸಿಲಿಂಡರಿನ ವಾಲ್ವನ್ನು ಒಂದು ಸೆಕೆಂಡ್ ತೆರೆದು ಬಾಯಿಯ ನೀರು, ಮರಳು ಹಾರಿಸಿ. ಹೋಸಿನ ತುದಿಯನ್ನೂ ಹಾಗೆಯೇ ಊದಿಸಿ. ಓ ರಿಂಗ್ ಸೀಳಿಲ್ಲದ್ದು ಇರಲಿ, ಯೋಕಿಗೆ ಸಾಮಾನ್ಯವಾಗಿ 014 ಅಳತೆಯದ್ದು. ರಿಸರ್ವ್ ಕಂಬಿ ಇರುವ ಹಳೆಯ ಜೆ ವಾಲ್ವ್ ಆದರೆ ಕಂಬಿಯನ್ನು ಕೆಳಗೆ ಎಳೆದಿಡಿ, ಇಲ್ಲದಿದ್ದರೆ ಗಾಳಿ ಸರಿಯಾಗಿ ಒಳಹೋಗದೆ ಗೇಜ್ ಸುಳ್ಳು ಹೇಳುತ್ತದೆ. ಸಿಲಿಂಡರನ್ನು ಸರಪಣಿಯಿಂದ ಗೋಡೆಗೆ ಕಟ್ಟಿ. ಹೋಸ್ ಜೋಡಿಸಿ, ಹೋಸಿನ ಗಾಳಿ ಬಿಡುವ ಬ್ಲೀಡ್ ಮುಚ್ಚಿ, ಮೊದಲು ಸಿಲಿಂಡರಿನ ವಾಲ್ವನ್ನು ನಿಧಾನ ತೆರೆಯಿರಿ, ಆಮೇಲೆ ಕಂಪ್ರೆಸರಿನ ಕಡೆಯ ಫಿಲ್ ವಾಲ್ವನ್ನು. ವಾಲ್ವಿನ ನೇರಕ್ಕೂ ಡಿಸ್ಕಿನ ನೇರಕ್ಕೂ ನಿಲ್ಲಬೇಡಿ.

ವೇಗ ನಿಮಿಷಕ್ಕೆ 20ರಿಂದ 40 ಬಾರ್ ಮೀರದಿರಲಿ. ನಮ್ಮ ಸೆಕೆಗೆ 20ರ ಹತ್ತಿರವೇ ಸರಿ, 50 ಬಾರ್ ಉಳಿದಿರುವ ಸಿಲಿಂಡರ್ 200ಕ್ಕೆ ಹೋಗಲು ಏಳೆಂಟು ನಿಮಿಷ. ಸಿಲಿಂಡರಿನ ಮೇಲೆ ಅಂಗೈ ಇಟ್ಟು ನೋಡುತ್ತಿರಿ. ಕೈ ಇಡಲು ಕಷ್ಟವಾದರೆ ವೇಗ ಹೆಚ್ಚಾಗಿದೆ. ಸದ್ದು ಬದಲಾದರೆ, ವಾಲ್ವಿನ ಬುಡದಲ್ಲಿ ಹಿಸ್ ಎಂದರೆ ಫಿಲ್ ವಾಲ್ವನ್ನು ದೂರದಿಂದಲೇ ಮುಚ್ಚಿ. ಗುರಿ ತಲುಪಿದ ಮೇಲೆ ಸಿಲಿಂಡರ್ ವಾಲ್ವ್ ಮುಚ್ಚಿ, ಫಿಲ್ ವಾಲ್ವ್ ಮುಚ್ಚಿ, ಹೋಸಿನ ಗಾಳಿ ಬಿಟ್ಟು, ಸೂಜಿ ಸೊನ್ನೆಗೆ ಬಂದ ಮೇಲಷ್ಟೇ ಬಿಚ್ಚಿ. ನೆರಳಲ್ಲಿ ಒಂದು ಗಂಟೆ ನಿಲ್ಲಿಸಿ, ಬೇರೊಂದು ಗೇಜಿನಿಂದ ನೋಡಿ, ಕಡಿಮೆ ಇದ್ದರೆ ಸೇರಿಸಿ. ಸಾಬೂನು ನೀರನ್ನು ವಾಲ್ವಿನ ಬುಡಕ್ಕೂ ಡಿಸ್ಕಿನ ಬಿರಡೆಗೂ ಹಚ್ಚಿ ಗುಳ್ಳೆ ನೋಡುವುದು ಈ ಹೊತ್ತಿಗೆ.

ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತುಂಬುವ ಪದ್ಧತಿ ಕೆಲವೆಡೆ ಇದೆ. ನಮ್ಮ ಮಟ್ಟಿಗೆ ಅದು ಬೇಡ. ಹೊರಮೈ ಮಾತ್ರ ತಣ್ಣಗಾಗಿ ಒಳಗಿನ ಗಾಳಿ ಬಿಸಿಯಾಗಿಯೇ ಇರುತ್ತದೆ, ಹೋಸ್ ಜೋಡಿಸುವಾಗ ವಾಲ್ವಿನ ಬಾಯಲ್ಲಿ ನಿಂತ ಹನಿ ಸಿಲಿಂಡರಿನೊಳಗೆ ಹೋಗುತ್ತದೆ, ಸಿಡಿದರೆ ತೊಟ್ಟಿ ತಡೆಯುವುದೂ ಇಲ್ಲ.

ಗಾಳಿ ಎಲ್ಲಿಂದ ಬರುತ್ತದೆ

ಟಯರ್ ಅಂಗಡಿಯ ಕಂಪ್ರೆಸರಿಗೂ ಇದಕ್ಕೂ ಸಂಬಂಧವಿಲ್ಲ. ಬೇಕಾದದ್ದು ಉಸಿರಾಟದ ಗಾಳಿಗೆಂದೇ ಮಾಡಿದ, ಮೂರು ಅಥವಾ ನಾಲ್ಕು ಹಂತದ ಕಂಪ್ರೆಸರ್. ಯುರೋಪಿನ ಇಎನ್ 12021 ಮಟ್ಟದ ಪ್ರಕಾರ ಕಾರ್ಬನ್ ಮೊನಾಕ್ಸೈಡ್ 5 ಪಿಪಿಎಂ (ಹತ್ತು ಲಕ್ಷದಲ್ಲಿ 5 ಪಾಲು), ಕಾರ್ಬನ್ ಡೈಆಕ್ಸೈಡ್ 500 ಪಿಪಿಎಂ, ಎಣ್ಣೆ ಘನಮೀಟರಿಗೆ 0.5 ಮಿಲಿಗ್ರಾಂ ಮೀರಬಾರದು. ಡೀಸೆಲ್ ಜನರೇಟರಿನ ಹೊಗೆ, ಬೋಟಿನ ಇಂಜಿನ್ ಹೊಗೆ ಬರುವ ಕಡೆ ಗಾಳಿ ಎಳೆಯುವ ಪೈಪಿನ ಬಾಯಿ ಇರದಿರಲಿ. ಮಧ್ಯಾಹ್ನದ ಮೇಲೆ ಕಡಲಗಾಳಿಯ ದಿಕ್ಕು ಬದಲಾಗುವುದನ್ನೂ ನೆನಪಿಡಿ.

ಕರಾವಳಿಯ ದೊಡ್ಡ ಶತ್ರು ತೇವ. ಫಿಲ್ಟರ್ ಕಾರ್ಟ್ರಿಜ್ ಎಷ್ಟು ಗಂಟೆ ಬಾಳುತ್ತದೆಂದು ತಯಾರಕರು 20 ಡಿಗ್ರಿಗೆ ಹೇಳಿದ್ದರೆ, 40 ಡಿಗ್ರಿಯ ಕಂಪ್ರೆಸರ್ ಕೋಣೆಯಲ್ಲಿ ಅದು ಅರ್ಧಕ್ಕೂ ಬರುವುದಿಲ್ಲ. ಕಾರ್ಬನ್ ಮೊನಾಕ್ಸೈಡನ್ನು ಮುರಿಯುವ ಹಾಪ್‌ಕಲೈಟ್ ಒದ್ದೆಯಾದರೆ ಕೆಲಸ ನಿಲ್ಲಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೀರು ಇಳಿಸಿ, ಕಾರ್ಟ್ರಿಜ್ ಬದಲಿಸಿದ ತಾರೀಕು ಮತ್ತು ಗಂಟೆ ಬರೆದಿಡಿ. ವೆಲ್ಡಿಂಗ್ ಶಾಪಿನ ಆಮ್ಲಜನಕವನ್ನು ಗಾಳಿಯ ಬದಲು ತುಂಬುವ ಯೋಚನೆ ಬರಲೇಬಾರದು: ಶುದ್ಧ ಆಮ್ಲಜನಕ 6 ಮೀಟರಿಗಿಂತ ಕೆಳಗೆ ಫಿಟ್ಸ್ ತರಿಸಿ ಮುಳುಗಿಸಬಹುದು, ಎಣ್ಣೆ ಅಂಟಿದ ವಾಲ್ವಿನಲ್ಲಿ ಬೆಂಕಿಯನ್ನೂ ಹಚ್ಚುತ್ತದೆ.

ಇನ್ನು ಕಾನೂನು. ದೇಶದಲ್ಲಿ ಇದು ಗ್ಯಾಸ್ ಸಿಲಿಂಡರ್ ನಿಯಮಗಳು 2016ರ ಅಡಿ ಬರುತ್ತದೆ, ನೋಡಿಕೊಳ್ಳುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಪೆಸೊ. ಅನುಮೋದನೆಯ ಸಿಲಿಂಡರ್, ತುಂಬಲು ಪರವಾನಗಿ, ಮಾನ್ಯತೆ ಇರುವ ಕಡೆ ಟೆಸ್ಟ್ ಮೂರೂ ಬೇಕು. ಹೊರದೇಶದ ಸಿಲಿಂಡರ್ ಇಟ್ಟುಕೊಂಡವರು ಕಾಗದಪತ್ರ ಮೊದಲು ಸರಿಮಾಡಿಕೊಳ್ಳಿ.

ಮಳೆಗಾಲದಲ್ಲಿ

ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ, ಬೋಟುಗಳು ದಡದಲ್ಲಿ. ಒಳಗಿನ ತಪಾಸಣೆ, ಹೈಡ್ರೋ ಟೆಸ್ಟ್, ಡಿಸ್ಕ್ ಬದಲಾವಣೆಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಉಳಿದ ಸಿಲಿಂಡರುಗಳನ್ನು ಸಿಹಿನೀರಲ್ಲಿ ತೊಳೆದು, ಬೂಟು ಕಳಚಿ ಒಣಗಿಸಿ, 10ರಿಂದ 20 ಬಾರ್ ಗಾಳಿ ಉಳಿಸಿ, ವಾಲ್ವ್ ಮುಚ್ಚಿ, ನೆಟ್ಟಗೆ ಕಟ್ಟಿ ನಿಲ್ಲಿಸಿ. ಪೂರ್ತಿ ಖಾಲಿ ಬಿಟ್ಟರೆ ತೇವ ಒಳಸೇರುತ್ತದೆ, ಅರ್ಧ ತುಂಬಿಟ್ಟ ಅಲ್ಯೂಮಿನಿಯಂ ಬೆಂಕಿ ಅನಾಹುತದಲ್ಲಿ ಡಿಸ್ಕ್ ಹರಿಯುವ ಮೊದಲೇ ಸಿಡಿಯಬಹುದು.

ಹೆಚ್ಚು ತುಂಬಿಹೋಗಿದೆ ಎಂದು ಗೊತ್ತಾದ ಸಿಲಿಂಡರನ್ನು ಸಾಗಿಸಬೇಡಿ, ಬಿಸಿಲಿಗೆ ಇಡಬೇಡಿ. ಕಟ್ಟಿದ ಜಾಗದಲ್ಲೇ ವಾಲ್ವನ್ನು ಸ್ವಲ್ಪವೇ ತೆರೆದು ಮಿತಿಗೆ ಇಳಿಸಿ, ಭರದಲ್ಲಿ ಬಿಟ್ಟರೆ ವಾಲ್ವ್ ಹಿಮಗಟ್ಟಿ ಒಳಗೆ ತೇವ ಹನಿಯುತ್ತದೆ. ಅದು ಟೆಸ್ಟ್ ಒತ್ತಡದ ಹತ್ತಿರ ಹೋಗಿತ್ತು ಎಂದಾದರೆ ಪೂರ್ತಿ ಖಾಲಿ ಮಾಡಿ, ಡಿಸ್ಕ್ ಬದಲಿಸಿ, ಹೊಸ ಹೈಡ್ರೋ ಟೆಸ್ಟ್ ಆಗುವವರೆಗೆ "ತುಂಬಬೇಡಿ" ಎಂಬ ಚೀಟಿಯನ್ನು ವಾಲ್ವಿನ ಹಿಡಿಗೆ ತಂತಿಯಿಂದ ಬಿಗಿಯಿರಿ.